ಬಾಗಿಲಾಚೆಯ ‘ನಾ’

ಕುಮಟಾದ ಆ ಮನೆಗೆ ಕರೆಗಂಟೆ ಇರಲಿಲ್ಲ. ಬಾಗಿಲಿಗೊಂದು ಕಬ್ಬಿಣದ ಚಿಲಕ, ಅದಕ್ಕೊಂದು ಸರಪಳಿ. ಅದನ್ನು ಎರಡು ಸಲ ಕುಟ್ಟಿದರೆ ಒಳಗಿಂದ ಗಟ್ಟಿ ದನಿಯೊಂದು ಕೇಳುತ್ತಿತ್ತು.

‘ಕೋಣ್?’

ಹೊರಗೆ ನಿಂತ ನಾನು ಹೇಳುತ್ತಿದ್ದೆ, ‘ನಾ.’

ಬಾಗಿಲು ತೆಗೆಯುತ್ತಿರಲಿಲ್ಲ.

ಅಪ್ಪನಿಗೆ ಧಾರವಾಡದಿಂದ ಕುಮಟಾಕ್ಕೆ ವರ್ಗ ಆದಾಗ ನಾನು ಎರಡನೇ ಕ್ಲಾಸು. ನಮಗೆ ಸಿಕ್ಕ ಬಾಡಿಗೆ ಮನೆಗೆ ತಾಗಿಕೊಂಡೇ ಮಾಲೀಕರ ಮನೆ. ಅವರು ಕೊಂಕಣಿಯವರು. ಮನೆಯ ಹಿರಿಯಾಕೆಯನ್ನು ಮೊಮ್ಮಕ್ಕಳು ಅಮ್ಮಮ್ಮ ಅನ್ನುತ್ತಿದ್ದರು, ನಾವೂ ಅಮ್ಮಮ್ಮ ಅಂದೆವು. ಮೊಸರಿಗೆ ಹೆಪ್ಪು, ಒಗ್ಗರಣೆಗೆ ಕರಿಬೇವು, ಅಪ್ಪನಿಗೆ ಓದಲಿಕ್ಕೆ ಪೇಪರು, ಹೀಗೆ ಏನಾದರೊಂದು ನೆವಕ್ಕೆ ಅವ್ವ ನನ್ನನ್ನು ಆ ಮನೆಗೆ ಓಡಿಸುತ್ತಿದ್ದಳು.

ನಮ್ಮ ಧಾರವಾಡ ಕಡೆ ‘ನಾನು’ ಅನ್ನುವುದು ಶಾಲೆಯ ಪುಸ್ತಕದಲ್ಲಿ. ಬಾಯಲ್ಲಿ ‘ನಾ’ ಅಷ್ಟೇ. ನಾ ಬರಂಗಿಲ್ಲ. ನಾ ಒಲ್ಲೆ. ನಾ ಅಲ್ಲ, ಅವಾ ಮಾಡಿದ್ದು. ಯಾರು ಅಂತ ಕೇಳಿದರೆ ‘ನಾ’ ಅನ್ನದೆ ಇನ್ನೇನು ಅನ್ನಬೇಕು? ಆದರೆ ಕೊಂಕಣಿಯಲ್ಲಿ ‘ನಾ’ ಅಂದರೆ ‘ಇಲ್ಲ’. ‘ಕೋಣ್’ ಅಂದರೆ ‘ಯಾರು’. ಹಾಗಾಗಿ ಒಳಗಿದ್ದವರ ಕಿವಿಗೆ ನಮ್ಮ ಮಾತುಕತೆ ಕೇಳಿಸಿದ್ದು ಹೀಗೆ: ‘ಯಾರು?’ ‘ಇಲ್ಲ.’ ನನ್ನ ಕಿವಿಗೆ ಕೇಳಿಸಿದ್ದು ಹೀಗೆ: ‘ಕೋಣ?’ ‘ನಾನು.’ ನನ್ನನ್ನು ಯಾಕೆ ದಿನಾ ಕೋಣ ಅನ್ನುತ್ತಾರೆ, ನಾನ್ಯಾಕೆ ದಿನಾ ಹೌದು ಅನ್ನುತ್ತೇನೆ ಅಂತ ಬೇಜಾರಾಗಿತ್ತು. ಪ್ರಶ್ನೆಯನ್ನು ಕೊಂಕಣಿಯಲ್ಲಿ, ಉತ್ತರವನ್ನು ಕನ್ನಡದಲ್ಲಿ ಕೇಳಿಸಿಕೊಂಡರೆ ಮಾತ್ರ ಆ ಎರಡು ಪದ ಸರಿಹೋಗುತ್ತವೆ. ಎರಡೂ ಭಾಷೆ ಬಲ್ಲವರಿಗಷ್ಟೇ ಅದು ಸಾಧ್ಯ. ಅಮ್ಮಮ್ಮನಿಗೆ ಎರಡೂ ಚೆನ್ನಾಗಿ ಬರುತ್ತಿದ್ದವು. ಬೇಕಂತಲೇ ಬಾಗಿಲು ತೆಗೆಯುತ್ತಿರಲಿಲ್ಲ.

‘ಇಲ್ಲದೆ ಇದ್ದವರಿಗೆ ಬಾಗಿಲು ಹ್ಯಾಗೆ ತೆಗೆಯೂದು?’ ಅಂತ ಒಳಗಿಂದ ನಗು. ಆಮೇಲೆ ಚಿಲಕದ ಸದ್ದು.

ಅವರ ಮೊಮ್ಮಗ ನನ್ನ ವಾರಿಗೆಯವನು. ಅವನು ಆಟ ಮುಗಿಸಿ ಬಂದು ಸರಪಳಿ ಕುಟ್ಟಿದಾಗ ಏನು ಹೇಳುತ್ತಾನೆ ಅಂತ ಒಂದು ದಿನ ಕಾದು ನಿಂತು ಕೇಳಿಸಿಕೊಂಡೆ. ‘ಕೋಣ್?’ ಅಂದರು ಅಮ್ಮಮ್ಮ. ‘ಹಾಂವ್’ ಅಂದ ಅವನು. ಕೊಂಕಣಿಯಲ್ಲಿ ‘ಹಾಂವ್’ ಅಂದರೆ ನಾನು. ಆ ಮೂಗಿನ ದನಿ ನನಗೆ ಎಲ್ಲಿ ಕೇಳಬೇಕು! ಓಡಿ ಬಂದು ಅವ್ವನಿಗೆ ಹೇಳಿದೆ: ‘ಅವರ ಮನ್ಯಾಗ ಕೋಣ ಅಂತ ಕೇಳಿದ್ರ ಹಾವು ಅನ್ನಬೇಕಂತ.’

ಅದೇ ಓಣಿಯ ಕೊನೆಗೆ ಒಂದು ಹವ್ಯಕರ ಮನೆ. ಅವರು ಮಾತಾಡುವುದು ಕನ್ನಡವೇ, ಆದರೆ ಅವರ ಬಾಯಲ್ಲಿ ನಾನು ‘ಆನು’. ಒಂದೇ ಓಣಿಯಲ್ಲಿ ಮೂರು ಮನೆ, ಮೂರು ‘ನಾನು’. ನಮ್ಮದು ನಾ, ಅವರದು ಆನು, ಅಮ್ಮಮ್ಮನದು ಹಾಂವ್. ಈ ‘ಆನು’ ಆಗ ನನಗೆ ಸುಮ್ನೆ ನಗು ಬರಿಸುವ ಪದ. ಅದಕ್ಕೆ ಎಷ್ಟು ತೂಕ ಇದೆ ಅಂತ ತಿಳಿಯಲು ಮೂವತ್ತು ವರ್ಷವಾದರೂ ಬೇಕಾಯಿತು. ಆ ವಿಷಯಕ್ಕೆ ಬರುತ್ತೇನೆ.

ಹೀಗೆ ಶುರುವಾದ ಚಟ ಇನ್ನೂ ಬಿಟ್ಟಿಲ್ಲ. ಎಲ್ಲಿ ಹೋದರೂ, ಯಾವ ಭಾಷೆ ಕಿವಿಗೆ ಬಿದ್ದರೂ, ಇವರಲ್ಲಿ ‘ನಾ’ ಅಂದರೇನು ಅಂತ ಕೇಳಿ ಬರೆದಿಟ್ಟುಕೊಳ್ಳುವುದು. ಕೆಲವರು ಅಂಚೆಚೀಟಿ ಕೂಡಿಡುತ್ತಾರೆ, ನಾನು ಇದನ್ನು. ಇದಕ್ಕೆ ಕಪಾಟು ಬೇಡ ಅನ್ನುವುದೊಂದು ಅನುಕೂಲ.

ರಷ್ಯನ್ನರಿಗೆ ‘ನಾ’ ಅಂದರೆ ‘ಮೇಲೆ’. ಮೇಜಿನ ಮೇಲೆ ಅನ್ನುವಾಗಿನ ಮೇಲೆ. ಕೈಯಲ್ಲಿರುವುದನ್ನು ಚಾಚಿ ‘ನಾ!’ ಅಂದರೆ ‘ತಗೋ’. ಚೀನಿಯರಲ್ಲಿ ದನಿ ಇಳಿಸಿದರೆ ‘ಆ’, ‘ಅದು’. ದನಿ ಏರಿಸಿದರೆ ‘ಹಿಡಿ’, ‘ತೆಗೆದುಕೋ’. ಉತ್ತರ ವಿಯೆಟ್ನಾಮಿನಲ್ಲಿ ಸೀತಾಫಲಕ್ಕೆ ‘ನಾ’ ಅನ್ನುತ್ತಾರೆ. ಹೀಬ್ರೂವಿನಲ್ಲಿ ಅದು ‘ದಯವಿಟ್ಟು’. ಫಿಲಿಪ್ಪೀನ್ಸಿನ ಟಗಾಲೊಗ್‌ನಲ್ಲಿ ‘ಆಗಲೇ’, ‘ಇನ್ನು’. ಹವಾಯಿ ದ್ವೀಪದವರಿಗೆ ಅದು ನಮ್ಮ ‘ಗಳು’ ಇದ್ದಂತೆ, ಆದರೆ ಪದದ ಹಿಂದೆ ಅಲ್ಲ, ಮುಂದೆ ಬರುತ್ತದೆ. ತಮಿಳಿನಲ್ಲಿ ‘ನಾ’ ಅಂದರೆ ನಾಲಿಗೆ. ಇದು ನಮಗೆ ಹೊರಗಿನದಲ್ಲ, ನಮ್ಮ ‘ನಾಲಿಗೆ’ಯ ಒಳಗೂ ಅದೇ ‘ನಾ’ ಕೂತಿದೆ.

ಬ್ಯಾಂಕಾಕಿನಲ್ಲಿ ಮಾತ್ರ ಈ ಚಟ ನನಗೆ ಬುದ್ಧಿ ಕಲಿಸಿತು. ಕಚೇರಿ ಕೆಲಸಕ್ಕೆ ಹೋಗಿದ್ದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಅಲ್ಲಿನ ಸಹೋದ್ಯೋಗಿಯೊಬ್ಬಳನ್ನು ಕೇಳಿದೆ. ‘ಯಾವ ನಾ?’ ಅಂದಳು. ಆಮೇಲೆ ಚಮಚ ಹಿಡಿದು ಗಾಳಿಯಲ್ಲಿ ಗೆರೆ ಎಳೆಯುತ್ತಾ ಹೇಳಿಕೊಟ್ಟಳು. ದನಿ ಸಮ ಇದ್ದರೆ ಭತ್ತದ ಗದ್ದೆ. ಮೇಲಿಂದ ಜಾರಿಸಿದರೆ ಮುಖ. ಎತ್ತರದಲ್ಲೇ ಹಿಡಿದರೆ ಅಮ್ಮನ ತಂಗಿ ಅಥವಾ ತಮ್ಮ. ಕೆಳಗಿಂದ ಏರಿಸಿದರೆ ದಪ್ಪ. ಚಮಚ ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ, ನನಗೆ ಮಾತ್ರ ಕೇಳುತ್ತಿರುವುದು ಅದೇ ಒಂದು ನಾ. ನಾನು ಅವಳ ಚಿಕ್ಕಮ್ಮನ ಮುಖ ಅನ್ನಲು ಹೋಗಿ ದಪ್ಪ ಗದ್ದೆ ಅಂದೆನಂತೆ. ಪಕ್ಕದ ಮೇಜಿನವರೂ ನಕ್ಕರು.

ಸೋತವನು ಸುಮ್ಮನಿರುವುದುಂಟೇ? ಅವಳಿಗೆ ಎರಡು ಕನ್ನಡ ಪದ ಕೊಟ್ಟೆ. ಮನೆ, ಮಣೆ. ಒಂದು ವಾಸಕ್ಕೆ, ಇನ್ನೊಂದು ಕೂರಲಿಕ್ಕೆ. ಅವಳು ಕಣ್ಣು ಮುಚ್ಚಿ ಮೂರು ಸಲ ಕೇಳಿದಳು. ಎರಡೂ ಒಂದೇ ಅಂದಳು. ಒಂದೇ ಹೇಗಾಗುತ್ತೆ, ನಾಲಿಗೆ ಮಡಚುತ್ತೇವಲ್ಲ ಅಂದೆ. ಬಾಯಿ ತೆರೆದು ನಾಲಿಗೆ ಮಡಚಿ ತೋರಿಸಿದೆ. ಅವಳ ಚಮಚದಷ್ಟೇ ಉಪಯೋಗವಾಯಿತು ಅದು. ನಾಲ್ಕು ಬೇರೆ ಬೇರೆ ಪದಗಳನ್ನು ನನ್ನ ಕಿವಿ ಒಂದೇ ಮಾಡಿತು, ಎರಡು ಬೇರೆ ಪದಗಳನ್ನು ಅವಳ ಕಿವಿ ಒಂದೇ ಮಾಡಿತು. ‘ಒಂದೇ ಪದ, ಬೇರೆ ಅರ್ಥ’ ಅಂತ ನಾನು ಇಷ್ಟು ವರ್ಷ ಬರೆದಿಟ್ಟಿದ್ದೆನಲ್ಲ, ಅಲ್ಲಿ ‘ಒಂದೇ’ ಅನ್ನುವುದು ನನ್ನ ಕಿವಿಯ ತೀರ್ಪು ಅಷ್ಟೇ. ಅವತ್ತೇ ನೋಟುಬುಕ್ಕಿನ ಮೊದಲ ಪುಟದಲ್ಲಿ ಒಂದು ಕಾಟು ಹೊಡೆದೆ.

ಅಷ್ಟಕ್ಕೂ ಇದರಲ್ಲಿ ಅಚ್ಚರಿ ಏನಿದೆ ಅಂತ ನೀವು ಕೇಳಬಹುದು. ಲೆಕ್ಕ ಹಾಕಿದರೆ ಏನೂ ಇಲ್ಲ. ಜಗತ್ತಿನಲ್ಲಿ ಸುಮಾರು 7,000 ಭಾಷೆಗಳು. ‘ನ್’ ಅನ್ನುವ ಸದ್ದು, ‘ಆ’ ಅನ್ನುವ ಸ್ವರ ಹೆಚ್ಚುಕಡಿಮೆ ಎಲ್ಲದರಲ್ಲೂ ಇವೆ. ಹವಾಯಿ ಭಾಷೆಗೆ ಇರುವುದೇ ಎಂಟು ವ್ಯಂಜನ, ಹ್ರಸ್ವ ದೀರ್ಘದ ಲೆಕ್ಕ ಬಿಟ್ಟರೆ ಐದು ಸ್ವರ. ಒಂದು ವ್ಯಂಜನ ಒಂದು ಸ್ವರ ಕೂಡಿಸಿದರೆ ನಲವತ್ತು ಚಿಕ್ಕ ಪದ ಸಿಗುತ್ತವೆ. ಅಷ್ಟರಲ್ಲೇ ಕೆಲಸ ಆಗಬೇಕು. ನಮ್ಮ ಕಾಗುಣಿತ ಉದ್ದ, ಆದರೂ ಒಂದಕ್ಷರದ ಪದಗಳನ್ನು ಎಣಿಸಿ ನೋಡಿ. ಬಾ, ಹೋ, ಕೊ, ತಾ, ಈ, ಆ, ಹೂ, ನೀ, ನಾ. ಜಾಗ ಕಡಿಮೆ, ಬಾಡಿಗೆಗೆ ಕೇಳುವವರು ಜಾಸ್ತಿ. ಒಂದೇ ಮನೆ ಒಂದೂರಲ್ಲಿ ಅಂಗಡಿ, ಇನ್ನೊಂದೂರಲ್ಲಿ ಗುಡಿ.

ಇನ್ನೊಂದು ಸಂಗತಿ. ಜಾಸ್ತಿ ಬಳಸುವ ಪದಗಳೇ ಜಾಸ್ತಿ ಸವೆಯುತ್ತವೆ. ಒರಳಿನ ನಡುವೆ ಸವೆದ ಹಾಗೆ. ‘ನಾನು, ಇಲ್ಲ, ಮತ್ತು, ಮೇಲೆ, ಅದು’ ಇವು ದಿನಕ್ಕೆ ನೂರು ಸಲ ಬಾಯಿಗೆ ಬರುವ ಪದಗಳು. ಉದ್ದ ಪದಕ್ಕೆ ಇಷ್ಟು ಉರುಳಾಟ ತಡೆಯುವುದಿಲ್ಲ. ‘ಆಗುವುದಿಲ್ಲ’ ಅನ್ನುವುದು ನಮ್ಮ ಕಣ್ಣೆದುರೇ ‘ಆಗಲ್ಲ’ ಆಗಿದೆ, ಬಸ್ಸಿನ ಗದ್ದಲದಲ್ಲಿ ‘ಆಗ್ಲ’ ಆಗಿದೆ. ಎಲ್ಲ ಭಾಷೆಗಳಲ್ಲೂ ಈ ಸವೆತ ನಡೆದರೆ ಕೊನೆಗೆ ಉಳಿಯುವುದು ನಾ, ಮಾ, ತಾ ತರದ ನುಣ್ಣನೆಯ ಚೂರುಗಳು. ಹೊಳೆಯ ಕಲ್ಲುಗಳು ಯಾವ ಬೆಟ್ಟದಿಂದ ಬಂದರೂ ಗುಂಡಗೇ ಇರುತ್ತವೆ, ಅಲ್ವಾ?

ಇಷ್ಟು ಗೊತ್ತಿದ್ದೂ ನಾನು ಬಿದ್ದೆ. ಬೀಳಿಸಿದ್ದು ನನ್ನ ಮಗಳು.

ಅವಳಿಗೆ ಕೊರಿಯನ್ ಧಾರಾವಾಹಿಗಳ ಹುಚ್ಚು. ಒಂದು ರಾತ್ರಿ ಲ್ಯಾಪ್‌ಟಾಪ್ ಎತ್ತಿಕೊಂಡು ಓಡಿ ಬಂದಳು. ‘ಅಪ್ಪಾ, ಕೇಳು, ಇವರು ಅಪ್ಪನಿಗೆ ಅಪ್ಪಾ ಅಂತಾರೆ!’ ಅದು ನನಗೆ ಗೊತ್ತಿತ್ತು. ಅಪ್ಪ ಅಮ್ಮನ ಪದಗಳು ಲೆಕ್ಕಕ್ಕಿಲ್ಲ. ತುಟಿ ಕೂಡಿಸಿ ಬಿಡುವುದು ಕೂಸಿಗೆ ಮೊದಮೊದಲು ಬರುವ ಆಟ. ಅದು ತನ್ನನ್ನೇ ಕರೆಯಿತು ಅಂತ ಹತ್ತಿರ ಇದ್ದವರು ತಿಳಿದುಕೊಳ್ಳುತ್ತಾರೆ. ರೋಮನ್ ಯಾಕಬ್ಸನ್ ಅನ್ನುವ ಭಾಷಾವಿಜ್ಞಾನಿ 1960ರ ಸುಮಾರಿಗೇ ಇದನ್ನು ಬಿಡಿಸಿ ಬರೆದಿದ್ದಾನೆ. ಯಾರು ಹತ್ತಿರ ಇದ್ದರು ಅನ್ನುವುದರ ಮೇಲೆ ಅರ್ಥ ತಿರುಗುತ್ತದೆ. ‘ಮಾಮಾ’ ಅಂದರೆ ಎಷ್ಟೋ ಕಡೆ ಅಮ್ಮ, ಜಾರ್ಜಿಯಾ ದೇಶದಲ್ಲಿ ಅಪ್ಪ, ನಮ್ಮಲ್ಲಿ ಸೋದರಮಾವ. ಕೂಸು ಪಾಪ, ಏನೋ ಅಂದಿತ್ತು.

ಹಾಗಂತ ಮಗಳಿಗೆ ಹೇಳಿದೆ. ಅವಳು ಬಿಡಲಿಲ್ಲ. ‘ಸರಿ, ಇದಕ್ಕೇನಂತೀಯಾ?’ ಅಂತ ಇನ್ನೊಂದು ತುಣುಕು ಹಾಕಿದಳು. ಹುಡುಗನೊಬ್ಬ ಎದೆ ಮುಟ್ಟಿಕೊಂಡು ‘ನಾ’ ಅಂದ. ಕೆಳಗೆ ಬಂದ ಅನುವಾದ: ನಾನು.

ನಾನು ಎದ್ದು ಕೂತೆ. ಕೊರಿಯನ್ನಿನಲ್ಲಿ ಸಲಿಗೆಯವರ ಎದುರು ‘ನಾನು’ ಅನ್ನಲು ‘ನಾ’. ‘ನಾನಂತೂ’ ಅನ್ನುವಂತೆ ಒತ್ತಿ ಹೇಳಬೇಕಾದರೆ ‘ನಾನುನ್’. ‘ನಿನ್ನ’ ಅನ್ನಲು ಮಾತಿನಲ್ಲಿ ‘ನೀ’. ಇಷ್ಟು ವರ್ಷ ಗದ್ದೆ, ಸೀತಾಫಲ, ‘ಮೇಲೆ’ ಅಂತ ಕೂಡಿಹಾಕಿದವನಿಗೆ, ಸದ್ದೂ ಅದೇ ಅರ್ಥವೂ ಅದೇ ಆದ ನಾ ಸಿಕ್ಕಿಬಿಟ್ಟಿತು. ಅದೂ ಐದೂವರೆ ಸಾವಿರ ಕಿಲೋಮೀಟರ್ ದೂರದಲ್ಲಿ. ಕ್ರಿಯಾಪದ ವಾಕ್ಯದ ಕೊನೆಗೆ, ಪ್ರತ್ಯಯಗಳು ಪದದ ಹಿಂದೆ, ಅದೂ ನಮ್ಮ ಹಾಗೇ. ಆ ರಾತ್ರಿ ನಿದ್ದೆ ಬರಲಿಲ್ಲ ಅಂದರೆ ಉತ್ಪ್ರೇಕ್ಷೆ. ಆದರೆ ಮಲಗಿದ್ದು ತಡವಾಯಿತು.

ಬಿದ್ದವನು ನಾನೊಬ್ಬನೇ ಅಲ್ಲ ಅನ್ನುವುದು ಸಮಾಧಾನ. ಹೋಮರ್ ಹಲ್ಬರ್ಟ್ ಅಂತ ಒಬ್ಬ ಅಮೆರಿಕದ ಮೇಷ್ಟ್ರು 1886ರಲ್ಲಿ ಪಾಠ ಹೇಳಲು ಕೊರಿಯಾಕ್ಕೆ ಹೋದ. ಆ ದೇಶವನ್ನು ತನ್ನದೇ ಅಂದುಕೊಂಡ, ಅದರ ಸ್ವಾತಂತ್ರ್ಯಕ್ಕಾಗಿ ಓಡಾಡಿದ, ಅವನ ಸಮಾಧಿಯೂ ಸೋಲ್ ನಗರದಲ್ಲೇ ಇದೆ. ಅವನು 1905ರಲ್ಲಿ ಕೊರಿಯನ್ ವ್ಯಾಕರಣವನ್ನೂ ದ್ರಾವಿಡ ಭಾಷೆಗಳ ವ್ಯಾಕರಣವನ್ನೂ ಅಕ್ಕಪಕ್ಕ ಇಟ್ಟು ಒಂದು ಪುಸ್ತಕವನ್ನೇ ತಂದ. ಆಮೇಲೆ ಜಪಾನಿನ ಸುಸುಮು ಓನೋ ಅನ್ನುವ ದೊಡ್ಡ ವಿದ್ವಾಂಸ ಜಪಾನಿಗೂ ತಮಿಳಿಗೂ ನಂಟು ಇದೆ ಅಂತ ವರ್ಷಗಟ್ಟಲೆ ವಾದಿಸಿದ. ಭಾಷಾವಿಜ್ಞಾನಿಗಳು ಎರಡನ್ನೂ ಒಪ್ಪಲಿಲ್ಲ. ವಾಟ್ಸಾಪಿನಲ್ಲಿ ಮಾತ್ರ ಎರಡೂ ಇನ್ನೂ ಗಟ್ಟಿಯಾಗಿ ಬದುಕಿವೆ.

ಯಾಕೆ ಒಪ್ಪಲಿಲ್ಲ? ಇಲ್ಲಿ ಆ ಹವ್ಯಕರ ‘ಆನು’ ಬರುತ್ತದೆ.

ನಮ್ಮ ‘ನಾ’ ಅಷ್ಟು ಹಳೆಯದಲ್ಲ. ಹಳಗನ್ನಡದ ಹಳೆಯ ರೂಪ ‘ಆನ್’. ವಚನಗಳಲ್ಲೂ ಆನು, ಎನ್ನ, ಎನಗೆ ಸಿಗುತ್ತವೆ. ತುಳುವರು ಇವತ್ತಿಗೂ ‘ಯಾನ್’ ಅನ್ನುತ್ತಾರೆ. ಹಳೆಯ ತಮಿಳಿನಲ್ಲೂ ‘ಯಾನ್’. ಮುಂದಿನ ಆ ‘ನ್’ ಆಮೇಲೆ ಅಂಟಿಕೊಂಡದ್ದು. ಪಕ್ಕದಲ್ಲಿ ‘ನೀನ್’ ಇತ್ತಲ್ಲ, ಅದನ್ನು ನೋಡಿ ‘ಆನ್’ ಕೂಡ ‘ನಾನ್’ ಆಯಿತು ಅನ್ನುವುದು ಒಂದು ವಿವರಣೆ. ನಂಬಿಕೆ ಬರದಿದ್ದರೆ ‘ಬಂದೆನು’, ‘ಮಾಡುವೆನು’ ಅನ್ನುವುದನ್ನು ನೋಡಿ. ಆ ಬಾಲದಲ್ಲಿ ಕೂತಿರುವ ‘ಎನು’ವೂ ‘ನಾನು’ವೇ, ಮುಂದಿನ ನಕಾರ ಮಾತ್ರ ಇಲ್ಲ. ಅಂದರೆ ಕೊರಿಯದ ‘ನಾ’ ಜೊತೆ ಹೋಲುತ್ತಿದೆ ಅಂತ ನಾನು ಕುಣಿದ ಆ ‘ನ್’ ನಮ್ಮ ಮೂಲದ ಆಸ್ತಿಯೇ ಅಲ್ಲ. ಆಮೇಲಿನ ಗಳಿಕೆ. ಹಿಂದೆ ಹೋದಷ್ಟೂ ಎರಡೂ ದೂರ ಸರಿಯುತ್ತವೆ. ನಂಟರಾಗಿದ್ದರೆ ಹಿಂದೆ ಹೋದಷ್ಟೂ ಹತ್ತಿರ ಬರಬೇಕಿತ್ತು. ಎರಡು ದಾರಿಹೋಕರು ಚೌಕದಲ್ಲಿ ಒಂದು ನಿಮಿಷ ಎದುರಾದದ್ದನ್ನು ನೋಡಿ ನಾನು ಅಣ್ಣತಮ್ಮ ಅಂದುಕೊಂಡಿದ್ದೆ.

ಈ ವಿಷಯಕ್ಕೆ ಭಾಷಾವಿಜ್ಞಾನದ ಪಾಠಗಳಲ್ಲಿ ಸದಾ ಹೇಳುವ ಒಂದು ಕತೆ ಇದೆ. ಅದು ನಾಯಿಯದು. ಆಸ್ಟ್ರೇಲಿಯಾದ ಉತ್ತರ ಕ್ವೀನ್ಸ್‌ಲ್ಯಾಂಡಿನಲ್ಲಿ, ಕೇರ್ನ್ಸ್ ಪಟ್ಟಣದ ಒಳನಾಡಿನಲ್ಲಿ, ಎಂಬಾಬರಮ್ ಅಂತ ಒಂದು ಮೂಲನಿವಾಸಿ ಭಾಷೆ ಇತ್ತು. 1960ರ ದಶಕದಲ್ಲಿ ಡಿಕ್ಸನ್ ಅನ್ನುವ ಭಾಷಾವಿಜ್ಞಾನಿ ಅದನ್ನು ಬಲ್ಲವರನ್ನು ಹುಡುಕಿಕೊಂಡು ಹೋದ. ಸಿಕ್ಕಿದ್ದು ಆಲ್ಬರ್ಟ್ ಬೆನೆಟ್ ಅನ್ನುವ ಮುದುಕ. ಆತನಿಗೆ ಹೇಳಲು ಅಷ್ಟೇನೂ ಮನಸ್ಸಿರಲಿಲ್ಲ. ಕೊನೆಗೂ ಒಂದು ಪದ ಕೊಟ್ಟ. ನಾಯಿಗೆ ನಮ್ಮಲ್ಲಿ ‘ಡಾಗ್’ ಅನ್ನುತ್ತೇವೆ ಅಂದ. ಡಿಕ್ಸನ್‌ಗೆ ಹೇಗಾಗಿರಬೇಡ! ಅಷ್ಟು ದೂರ ಬಂದು ಸಿಕ್ಕಿದ್ದು ಇಂಗ್ಲಿಷ್ ಪದ.

ಆದರೆ ಅದು ಇಂಗ್ಲಿಷ್ ಅಲ್ಲ. ನೆರೆಯ ಯಿಡಿನ್ ಭಾಷೆಯಲ್ಲಿ ನಾಯಿಗೆ ‘ಗುಡಗ’, ಇನ್ನೊಂದು ನೆರೆಯ ಜಿರ್ಬಲ್‌ನಲ್ಲಿ ‘ಗುಡ’. ಎಂಬಾಬರಮ್‌ಗೆ ಪದದ ತಲೆ ಕತ್ತರಿಸುವ ರೂಢಿ. ‘ಗು’ ಉದುರಿತು, ಕೊನೆಯ ‘ಅ’ ಉದುರಿತು, ಉಳಿದ ‘ಅ’ ಬಾಯಿ ದುಂಡಗೆ ಮಾಡಿಕೊಂಡಿತು. ಗುಡಗ ಹೋಗಿ ‘ಡಾಗ್’ ಆಯಿತು. ಲಂಡನ್ನಿನ ನಾಯಿಗೂ ಈ ನಾಯಿಗೂ ಯಾವ ಸಂಬಂಧವೂ ಇಲ್ಲ. ಬೆನೆಟ್ 1972ರಲ್ಲಿ ತೀರಿಕೊಂಡ. ಆ ಭಾಷೆಯನ್ನು ಬಲ್ಲ ಕಟ್ಟಕಡೆಯವರಲ್ಲಿ ಒಬ್ಬನಾಗಿದ್ದ ಆತ. ಇಡೀ ಭಾಷೆ ಹೋಗಿ, ಜಗತ್ತಿಗೆ ಅದರಿಂದ ನೆನಪುಳಿದದ್ದು ತಮಾಷೆಗೆ ಹೇಳುವ ಈ ಒಂದು ಪದ. ಈ ಕತೆ ಕೇಳಿ ಎಲ್ಲರೂ ನಗುತ್ತಾರೆ. ನನಗೆ ಪೂರ್ತಿ ನಗಲು ಆಗುವುದಿಲ್ಲ.

ಹಾಗಾದರೆ ನಿಜವಾದ ನಂಟು ಹೇಗಿರುತ್ತದೆ? ಹೋಲುವುದಕ್ಕಿಂತ ಹೆಚ್ಚಾಗಿ, ಲೆಕ್ಕಕ್ಕೆ ಸಿಗುವ ಹಾಗೆ ಬೇರೆಯಾಗಿರುತ್ತದೆ. ನಮ್ಮ ಹಾಲು ತಮಿಳಿನಲ್ಲಿ ಪಾಲ್. ಹೂ, ಪೂ. ಹುಲಿ, ಪುಲಿ. ಹಲ್ಲು, ಪಲ್. ಹತ್ತು, ಪತ್ತು. ಅಲ್ಲಿ ಪ ಇದ್ದಲ್ಲಿ ಇಲ್ಲಿ ಹ. ಒಮ್ಮೆ ಎರಡು ಸಲ ಅಲ್ಲ, ಸಾಲುಸಾಲಾಗಿ. ಹಳಗನ್ನಡದಲ್ಲಿ ನಮ್ಮದೂ ಪ ಆಗಿತ್ತು, ನಡುವೆ ಹ ಆಯಿತು. ಇಂಥ ಸಾಲು ಸಿಕ್ಕರೆ ನಂಟು. ಸಾಲಿಲ್ಲದೆ ಒಂದೊಂದೇ ಪದ ಹೊಳೆದರೆ ಮಿಂಚುಹುಳ.

ಆದರೂ ಮಿಂಚುಹುಳ ಒಮ್ಮೊಮ್ಮೆ ತಲೆ ತಿರುಗಿಸಿಬಿಡುತ್ತದೆ. ಜಪಾನಿನಲ್ಲಿ ಹೂವಿಗೆ ‘ಹನ’ ಅನ್ನುತ್ತಾರೆ. ನಮ್ಮಲ್ಲಿ ಹಣ ಅಂದರೆ ದುಡ್ಡು. ಇದಿಷ್ಟೇ ಆದರೆ ಏನೂ ಇಲ್ಲ. ಆದರೆ ನಮ್ಮ ಹಣ ಮೊದಲು ‘ಪಣ’. ಅವರ ಹನ ಕೂಡ ಹಳೆಯ ಜಪಾನಿಯಲ್ಲಿ ‘ಪನ’! ಎಲ್ಲಿಯ ಧಾರವಾಡ, ಎಲ್ಲಿಯ ಕ್ಯೋಟೋ. ಒಬ್ಬರಿಗೊಬ್ಬರು ಗೊತ್ತಿಲ್ಲದೆ ಇಬ್ಬರೂ ಪಕಾರವನ್ನು ಕೈಬಿಟ್ಟು ಹಕಾರ ಹಿಡಿದರು. ಅವರ ‘ನಮಾಎ’ ಅಂದರೆ ಹೆಸರು, ನಮ್ಮ ಬಾಯಲ್ಲಿರುವ ಸಂಸ್ಕೃತದ ‘ನಾಮ’ವೂ ಹೆಸರೇ. ಇದೂ ಮಿಂಚುಹುಳ. ಜಪಾನಿಯಲ್ಲಿ ಹೆಸರು ಅನ್ನಲು ‘ನ’ ಅಂದರೆ ಸಾಕು, ‘ಮಾಎ’ ಅಂದರೆ ‘ಮುಂದೆ’. ನಮ್ಮ ನಾಮವನ್ನು ಹಾಗೆ ಒಡೆಯಲು ಬರುವುದಿಲ್ಲ.

ಇತ್ತ ನಿಜವಾದ ನಂಟರು ಎದುರುಬದುರು ನಿಂತರೂ ಗುರುತು ಸಿಗದೆ ಹೋಗುತ್ತಾರೆ. 1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು. ಅವರ ಭಾಷೆಯಲ್ಲಿ ‘ಇಲ್ಲ’ ಅನ್ನಲು ಮೂಗಿನಲ್ಲಿ ‘ನಾಂವ್’ ಅನ್ನುವಂಥ ಪದ. ಕೊಂಕಣಿಯವರದು ‘ನಾ’. ಒಬ್ಬರು ಹಡಗಿನಿಂದ ಇಳಿದವರು, ಇನ್ನೊಬ್ಬರು ದಡದಲ್ಲಿ ನಿಂತವರು. ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರು ‘ಇಲ್ಲ’ ಅಂದರೆ ಅದು ಸಾವಿರಾರು ವರ್ಷದ ಹಿಂದೆ ಒಂದೇ ಮನೆಯಿಂದ ಹೊರಟ ‘ಇಲ್ಲ’. ಸಂಸ್ಕೃತದ ‘ನ’, ಲ್ಯಾಟಿನ್ನಿನ ‘ನೋನ್’, ಇಂಗ್ಲಿಷಿನ ‘ನೋ’, ರಷ್ಯನ್ನಿನ ‘ನ್ಯೆತ್’, ಎಲ್ಲ ಒಂದೇ ಬೇರಿನವು. ದಾಯಾದಿಗಳು ಇಷ್ಟು ಕಾಲದ ಮೇಲೆ ಭೇಟಿಯಾಗಿ ಮಾಡಿಕೊಂಡದ್ದು ಜಗಳ.

ಅದೇ ಗೋವಾದ ದಾರಿಯಲ್ಲಿ ಪೋರ್ಚುಗೀಸರು ಆಫ್ರಿಕಾದಿಂದ ಜನರನ್ನು ಗುಲಾಮರಾಗಿ ತಂದರು. ಅವರಲ್ಲಿ ಕೆಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳು ಅವರ ಮಕ್ಕಳುಮರಿ. ಇವತ್ತು ಅವರ ಮನೆಮಾತು ಕೊಂಕಣಿಯ ಒಂದು ಬಗೆ, ಹಾಗಾಗಿ ಅವರಿಗೂ ‘ನಾ’ ಅಂದರೆ ಇಲ್ಲ. ಪೂರ್ವ ಆಫ್ರಿಕಾದ ಸ್ವಾಹಿಲಿಯಲ್ಲಿ, ಅದರ ನಂಟಿನ ಹಲವು ಭಾಷೆಗಳಲ್ಲಿ, ‘ನಾ’ ಅಂದರೆ ‘ಮತ್ತು’, ‘ಜೊತೆಗೆ’. ನನ್ನ ಬಳಿ ಪುಸ್ತಕ ಇದೆ ಅನ್ನಲು ಸ್ವಾಹಿಲಿಯವರು ‘ನಾನು ಪುಸ್ತಕದ ಜೊತೆ’ ಅನ್ನುವ ಹಾಗೆ ಹೇಳುತ್ತಾರೆ. ಅಂದರೆ ‘ಇದೆ’ ಅನ್ನಲಿಕ್ಕೂ ಅವರಿಗೆ ‘ನಾ’ ಬೇಕು. ಈ ಕಾಡಿಗೆ ಬಂದ ಮೊದಲ ತಲೆಮಾರಿನ ಯಾರೋ ಒಬ್ಬರ ಬಾಯಲ್ಲಿ ‘ಜೊ‌ತೆಗಿದೆ’ ಅನ್ನುತ್ತಿದ್ದ ಸದ್ದು ಮೊಮ್ಮಕ್ಕಳ ಬಾಯಲ್ಲಿ ‘ಇಲ್ಲ’ ಆಗಿರಬಹುದು. ಯಲ್ಲಾಪುರದ ದಾರಿಯಲ್ಲಿ ಬಸ್ಸಿಗೆ ಕಾಯುವಾಗ ಒಮ್ಮೆ ಇದು ಹೊಳೆಯಿತು. ಬಸ್ಸು ಬಂದರೂ ಹತ್ತಲು ಮರೆತೆ.

ಇನ್ನು ಕೊಂಕಣಿಗೂ ಕನ್ನಡಕ್ಕೂ ಏನು ಸಂಬಂಧ? ಹುಟ್ಟಿನಿಂದ ಏನೂ ಇಲ್ಲ. ಆ ಕಡೆಯವರು ಸಂಸ್ಕೃತದ ಬಳಗ, ನಾವು ದ್ರಾವಿಡರು. ಆದರೆ ಅಮ್ಮಮ್ಮನ ಮನೆಯಲ್ಲಿ ಅವ್ವ ಕೊಂಕಣಿ ಕಲಿತ ರೀತಿ ನೋಡಬೇಕಿತ್ತು. ಅವ್ವನಿಗೆ ವ್ಯಾಕರಣ ಗೊತ್ತಿಲ್ಲ. ಹೊಸ ಪದ ಕೇಳಿದ ಕೂಡಲೇ ಅದನ್ನು ಕನ್ನಡದ ಯಾವ ಗೂಟಕ್ಕೆ ನೇತುಹಾಕಬೇಕು ಅಂತ ಮಾತ್ರ ಹುಡುಕುತ್ತಿದ್ದಳು. ‘ನಾ’ ಅಂದರೆ ಇಲ್ಲ. ‘ನ್ಹಯ್’ ಅಂದರೆ ಅಲ್ಲ. ‘ನಾಕಾ’ ಅಂದರೆ ಬೇಡ. ಮೂರು ಗೂಟ, ಮೂರು ಪದ, ಒಂದೂ ಹೆಚ್ಚಿಲ್ಲ ಕಡಿಮೆ ಇಲ್ಲ. ಇಂಗ್ಲಿಷ್ ಕಲಿಯುವಾಗ ನಮಗೆ ಈ ಭಾಗ್ಯ ಇರಲಿಲ್ಲ. ಅಲ್ಲಿ ಇಲ್ಲಕ್ಕೂ ಅಲ್ಲಕ್ಕೂ ಬೇಡಕ್ಕೂ ಒಂದೇ ‘ನೋ’ ಹೊತ್ತು ಓಡಾಡಬೇಕು.

ಸದ್ದು ಬೇರೆ, ಬೇರು ಬೇರೆ, ಆದರೆ ಗೂಟಗಳು ಒಂದೇ ಸಾಲಿನಲ್ಲಿ. ಇದು ಅಕ್ಕಪಕ್ಕದ ಬಾಳ್ವೆ ಮಾಡುವ ಕೆಲಸ. ಸಾಂಗಲಿ ಜಿಲ್ಲೆಯ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದು ಮಾತಾಡುವವರು ಶತಮಾನಗಳಿಂದ ಒಟ್ಟಿಗಿದ್ದಾರೆ. ಗಂಪರ್ಜ್ ಮತ್ತು ವಿಲ್ಸನ್ ಅನ್ನುವ ಇಬ್ಬರು ಭಾಷಾ ವಿದ್ವಾಂಸರು ಆ ಊರನ್ನು ನೋಡಿ 1971ರಲ್ಲಿ ಬರೆದರು: ಅಲ್ಲಿಯ ಮೂರು ಭಾಷೆಗಳ ವಾಕ್ಯಗಳನ್ನು ಒಂದರ ಕೆಳಗೊಂದು ಇಟ್ಟರೆ ಪದಕ್ಕೆ ಪದ ಕೂಡಿಕೊಳ್ಳುತ್ತವೆ. ಪದ ಮಾತ್ರ ಅವರವರದು, ಜೋಡಣೆ ಊರಿನದು. ಕೊರಿಯದ ನಾ ಹಿಡಿದು ಕುಣಿಯುವವರಿಗೆ ಈ ಕುಪ್ವಾಡ ಸಪ್ಪೆ ಅನ್ನಿಸಬಹುದು. ನನಗೆ ಈಗ ಇದೇ ಜಾಸ್ತಿ ರುಚಿ. ದೂರದ ದೇಶದಲ್ಲಿ ನಮ್ಮದೇ ಸದ್ದು ಕೇಳುವುದು ಲಾಟರಿ. ಪಕ್ಕದ ಮನೆಯವರ ಮಾತು ನಮ್ಮ ಮಾತಿನ ಗೂಟಗಳಿಗೆ ಸರಿಯಾಗಿ ನೇತುಬೀಳಬೇಕಾದರೆ ಎಷ್ಟು ಜನ ಎಷ್ಟು ವರ್ಷ ಹೆಪ್ಪು, ಕರಿಬೇವು ಕೊಟ್ಟು ತಗೊಂಡಿರಬೇಕು!

ಕುಮಟಾದಲ್ಲಿ ನಾವಿದ್ದದ್ದು ಆರು ವರ್ಷ. ಎರಡನೇ ವರ್ಷದ ಹೊತ್ತಿಗೆ ಅವ್ವ ಆ ಬಾಗಿಲಲ್ಲಿ ನಿಂತು ‘ಹಾಂವ್’ ಅನ್ನಲು ಕಲಿತಿದ್ದಳು. ಮೂಗು ಮಾತ್ರ ಕೊನೆಯವರೆಗೂ ಅವಳಿಗೆ ಒಗ್ಗಲಿಲ್ಲ, ನೇರ ‘ಹಾವು’ ಅಂತಲೇ ಅನ್ನುತ್ತಿದ್ದಳು. ಅಮ್ಮಮ್ಮ ಬಾಗಿಲು ತೆಗೆದು ‘ಹೆದರಿಸಬೇಡಿ ಮಾರಾಯ್ರೆ’ ಅನ್ನುತ್ತಿದ್ದರು.

ಈಗ ಅವ್ವ ಹುಬ್ಬಳ್ಳಿಯಲ್ಲಿ ನಮ್ಮ ಜೊತೆ ಇದ್ದಾಳೆ. ಎಂಬತ್ತೆರಡು ವರ್ಷ, ಕಿವಿ ಸ್ವಲ್ಪ ಮಂದ. ಸ್ನಾನಕ್ಕೆ ಹೋದರೂ, ಬಟ್ಟೆ ಬದಲಾಯಿಸಲು ಹೋದರೂ ಬಾಗಿಲು ಹಾಕಿಕೊಳ್ಳುತ್ತಾಳೆ. ಮೊನ್ನೆ ಸಂಜೆ ಮಗಳು ಚಹಾ ಲೋಟ ಹಿಡಿದು ಅವಳ ಕೋಣೆಯ ಬಾಗಿಲು ತಟ್ಟಿದಳು.

‘ಯಾರವಾ?’ ಅಂತ ಒಳಗಿಂದ ದನಿ.

ಕೊರಿಯನ್ ಧಾರಾವಾಹಿಗಳಲ್ಲಿ ಬಾಗಿಲು ತಟ್ಟಿದವರು ‘ನಾನೇ ಕಣೋ’ ಅನ್ನಲು ‘ನಾಯಾ’ ಅನ್ನುತ್ತಾರೆ. ಮಗಳಿಗೆ ಅದು ಈಗ ಬಾಯಿಪಾಠ.

‘ನಾಯಾ!’ ಅಂದಳು.

ಒಳಗೆ ಒಂದು ಗಳಿಗೆ ಸದ್ದಿಲ್ಲ. ಆಮೇಲೆ ಮಂಚ ಕಿರುಗುಟ್ಟಿತು, ಚಪ್ಪಲಿ ಎಳೆದ ಸದ್ದು ಬಾಗಿಲ ಹತ್ತಿರ ಬಂತು.

‘ಕೋಣ ಆತು, ಹಾವು ಆತು, ಈಗ ನಾಯಿ ಬಂತೇನ ನಮ್ಮ ಮನಿಗೆ?’ ಅನ್ನುತ್ತಾ ಅವ್ವ ಚಿಲಕ ತೆಗೆದಳು.